ವಲ್ಲಿಯ ಕೆಳಗಿನ ಉತ್ತರ

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ದಿನಗಳಲ್ಲಿ ನಮ್ಮ ಗದಗಿನಲ್ಲಿ ‘ಎಕ್ಸಿಕ್ಯುಟಿವ್’ ಎಂದರೆ ಒಬ್ಬರೇ ಮನುಷ್ಯ: ರಸ್ತೆ, ಸೇತುವೆ ಕಟ್ಟಿಸುವ ಎಕ್ಸಿಕ್ಯುಟಿವ್ ಇಂಜಿನಿಯರ್. ನನಗೆ ಇದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಆ ಶಬ್ದವನ್ನು ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ ಜಾಣೆ ನಾನು. ‘ವ್ಯಾಪಾರ ಉದ್ಯಮದ ಎಕ್ಸಿಕ್ಯುಟಿವ್‌ಗಳಿಗಾಗಿ ಮಾನವಿಕ ವಿಚಾರ ಸಂಕಿರಣ. ಹತ್ತು ರವಿವಾರ, ಬೆಳಿಗ್ಗೆ ಒಂಬತ್ತಕ್ಕೆ.’ ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಪೇಟೆಗಳಲ್ಲೆಲ್ಲ ಅದನ್ನು ಹಂಚಿಸಿದ್ದೆ.

ಮೊದಲ ರವಿವಾರ ಕಾಲೇಜಿನ ಇತಿಹಾಸದ ಕೋಣೆಗೆ ಹೋಗಿ ನೋಡುತ್ತೇನೆ, ಹನ್ನೊಂದು ಜನ ರಸ್ತೆ ಗುತ್ತಿಗೆದಾರರು ಇಸ್ತ್ರಿ ಹೊಡೆದ ಧೋತರ ಉಟ್ಟು ಸಾಲಾಗಿ ಕುಳಿತಿದ್ದಾರೆ. ಒಬ್ಬರ ಮಡಿಲಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಹೂವಿನ ಹಾರ.

“ಎಕ್ಸಿಕ್ಯುಟಿವ್ ಸಾಹೇಬ್ರು ಎಷ್ಟೊತ್ತಿಗೆ ಬರ್ತಾರ್ರಿ ಅಕ್ಕಾರ?” ಎಂದು ಹಾರದವರು ಕೇಳಿದರು.

ಅಕ್ಕಾರ ಎಂದರೆ ನಮ್ಮ ಕಡೆ ಕನ್ನಡ ಶಾಲೆಯ ಮಾಸ್ತರಿಣಿ. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವವಳು, ಎಂ.ಎ. ಪಾಸಾದವಳು. ಮೇಡಂ ಅನ್ನಲಿ ಎಂಬ ಆಸೆ ಇತ್ತು. ಸಿಟ್ಟು ನುಂಗಿಕೊಂಡು, “ಯಾವ ಸಾಹೇಬ್ರೂ ಬರೂದಿಲ್ಲ. ನೀವ ಎಕ್ಸಿಕ್ಯುಟಿವ್,” ಎಂದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ನಾವ ಎಕ್ಸಿಕ್ಯುಟಿವ್ ಆಗಿದ್ರ ಇಲ್ಲ್ಯಾಕ ಬರ್ತಿದ್ವಿ ತಾಯಿ?” ಎಂದರು ಹಾರದವರು. ಹಾರವನ್ನು ಮತ್ತೆ ಎಲೆಯಲ್ಲಿ ಸುತ್ತಿಕೊಂಡು ಎದ್ದರು. ಐದು ನಿಮಿಷದಲ್ಲಿ ಕೋಣೆ ಖಾಲಿ.

ಖಾಲಿ ಅಂದುಕೊಂಡೆ. ಕೊನೆಯ ಬೆಂಚಿನ ಮೂಲೆಯಲ್ಲಿ ಇನ್ನೊಬ್ಬರು ಕುಳಿತೇ ಇದ್ದರು. ಐವತ್ತು ದಾಟಿದ ವಯಸ್ಸು, ಬಿಳಿ ಟೋಪಿ, ಹೆಗಲ ಮೇಲೆ ಕೆಂಪಂಚಿನ ವಲ್ಲಿ. ಲಕ್ಷ್ಮೇಶ್ವರದಲ್ಲಿ ಶೇಂಗಾ ಎಣ್ಣೆಯ ಮಿಲ್ಲು ನಡೆಸುವವರು. ಎಲ್ಲರೂ ಅವರನ್ನು ಚಾಚಾ ಅಂತಲೇ ಕರೆಯುತ್ತಿದ್ದರು. ಮೊದಲ ಬಸ್ಸಿಗೆ ಬಂದಿದ್ದರು.

“ನೀವ್ಯಾಕ ಹೋಗಲಿಲ್ರಿ?” ಎಂದು ಕೇಳಿದೆ.

“ನಾ ಎಕ್ಸಿಕ್ಯುಟಿವ್‌ಗಂತ ಬಂದಿಲ್ರಿ. ವಿಚಾರ ಅಂತ ಐತಲ್ಲ, ಅದಕ್ಕ ಬಂದೀನಿ,” ಎಂದರು. ಮುಂದೆ ಎಂಟು ರವಿವಾರ ಅವರ ಬಾಯಿಂದ ಅಷ್ಟು ಉದ್ದದ ಮಾತು ಹೊರಡಲಿಲ್ಲ.

ಈ ಸಂಕಿರಣ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗದಿಂದ ಇಂಗ್ಲಿಷಿನಲ್ಲಿ ಒಂದು ಸುತ್ತೋಲೆ ಬಂದಿತ್ತು. ಪ್ರಿನ್ಸಿಪಾಲರು ಅದನ್ನು ಮೇಜಿನ ಆ ಕಡೆಯಿಂದ ಈ ಕಡೆಗೆ ಬೆರಳಲ್ಲಿ ದೂಡಿ, “ನೋಡ್ರಿ, ತೂಕದ ಕಲ್ಲಿನ ಮಂದಿಗೆ ಶಾಸನದ ಕಲ್ಲು ಓದಸಬೇಕಂತ. ಖಾಯಂ ಇದ್ದವರು ಯಾರೂ ಒಲ್ಲೆ ಅಂತಾರ. ನೀವು ತಾತ್ಕಾಲಿಕ ಇದ್ದೀರಿ, ನೀವು ಮಾಡ್ರಿ,” ಎಂದಿದ್ದರು. ನಾನು ನಾಲ್ಕು ವರ್ಷದಿಂದ ತಾತ್ಕಾಲಿಕವೇ. ಪ್ರತಿ ಜೂನ್ ತಿಂಗಳು ಬಂತೆಂದರೆ ಈ ಸಲ ಆದೇಶ ಬರುತ್ತದೋ ಇಲ್ಲವೋ ಎಂದು ಅವ್ವ ದೇವರ ಮುಂದೆ ಕೂರುತ್ತಿದ್ದಳು. ಬೆಟಗೇರಿಯ ಬಾಡಿಗೆ ಮನೆಯಲ್ಲಿ ನಾವಿಬ್ಬರೇ.

ಸಂಕಿರಣ ಶುರುವಾಗುವ ಮೊದಲೇ ವಿಭಾಗದ ಪ್ರೊಫೆಸರರು ರೈಲಿನಿಂದಿಳಿದು ಒಮ್ಮೆ ಬಂದು ಹೋಗಿದ್ದರು. ಎತ್ತರದ ಆಳು, ದಪ್ಪ ಕನ್ನಡಕ, ನಗು ಕಡಿಮೆ. ಈ ಸಂಕಿರಣಗಳ ಚರಿತ್ರೆಯನ್ನು ಅವರೇ ನನಗೆ ಹೇಳಿದ್ದು. ಬಹಳ ಹಿಂದೆ ಹೊರದೇಶದ ಒಂದು ದೊಡ್ಡ ಟೆಲಿಫೋನ್ ಕಂಪನಿಗೆ ಒಂದು ಚಿಂತೆ ಹತ್ತಿತಂತೆ. ತನ್ನ ಅಧಿಕಾರಿಗಳಿಗೆ ಹೇಳಿದ ಕೆಲಸ ಮಾಡಲು ಬರುತ್ತದೆ, ಯಾವ ಕೆಲಸ ಮಾಡಬೇಕು ಎಂದು ಯೋಚಿಸಲು ಬರುವುದಿಲ್ಲ ಎಂದು. ಅವರನ್ನೆಲ್ಲ ತಿಂಗಳುಗಟ್ಟಲೆ ವಿಶ್ವವಿದ್ಯಾಲಯಕ್ಕೆ ಕಳಿಸಿ ಕಾವ್ಯ, ಇತಿಹಾಸ, ಚಿತ್ರಕಲೆ, ಸಂಗೀತ ಎಲ್ಲ ಓದಿಸಿತಂತೆ. ಆಮೇಲೆ ಬೇರೆ ಕಂಪನಿಗಳೂ ಹಾಗೇ ಮಾಡಿದವು. ನಮ್ಮ ದೇಶದ ದೊಡ್ಡ ಶಹರಗಳಲ್ಲಿಯೂ ಹೋಟೆಲಿನಲ್ಲಿ ಕೂತು ಇಂಗ್ಲಿಷಿನಲ್ಲಿ ಮಾಡಿದರು.

“ಈಗೂ ನಡದಾವೇನ್ರಿ?” ಎಂದೆ.

“ಮೊದಲು ಶುರು ಮಾಡಿದವರು ಮುಚ್ಚಿಬಿಟ್ಟರು.”

“ಯಾಕ್ರಿ? ಯಾರೂ ಕಲೀಲಿಲ್ಲೇನು?”

“ಕಲಿತರು. ಅದಕ್ಕೇ ಮುಚ್ಚಿದರು. ಓದಿ ಬಂದವರು ಕಂಪನಿಗಿಂತ ಮನೆ, ಮಕ್ಕಳು, ಊರು ಮುಖ್ಯ ಅನ್ನಲಿಕ್ಕೆ ಹತ್ತಿದರು,” ಎಂದು ಪ್ರೊಫೆಸರರು ಆವತ್ತು ಒಂದೇ ಒಂದು ಸಲ ನಕ್ಕರು. ಎಲಾ ಇದರ, ಗೆದ್ದದ್ದಕ್ಕೆ ಮುಚ್ಚಿದರಲ್ಲ ಎಂದು ನನಗೆ ಆ ಕತೆ ಬಹಳ ಹಿಡಿಸಿತು.

ಹೋಗುವಾಗ ಅವರು ತಮ್ಮ ಷರತ್ತು ಹೇಳಿ ಹೋದರು. ಹತ್ತನೆಯ ರವಿವಾರ ಬಂದು ಕೂರುತ್ತೇನೆ. ನೀವು ಎಷ್ಟು ಚೆನ್ನಾಗಿ ಮಾತಾಡಿದಿರಿ ಎಂಬುದು ನನಗೆ ಬೇಡ, ವ್ಯಾಪಾರಸ್ಥರು ತಾವಾಗಿ ಬಾಯಿಬಿಟ್ಟು ವಿಚಾರ ಮಾಡಬೇಕು. ಮಾಡಿದರೆ ಗದಗಿನಲ್ಲಿ ಈ ಕೆಲಸಕ್ಕೊಂದು ಕೇಂದ್ರ, ಅದಕ್ಕೊಂದು ಖಾಯಂ ಹುದ್ದೆ, ಅದು ನಿಮಗೇ. ಮಾಡದಿದ್ದರೆ ಇಲ್ಲ. ಪ್ರಿನ್ಸಿಪಾಲರು ಅದಕ್ಕೆ ಇನ್ನೊಂದು ಸೇರಿಸಿದರು, “ಜೂನ್‌ನಿಂದ ನಮ್ಮಲ್ಲೂ ಜಾಗ ಇಲ್ರಿ.” ಅಂದರೆ ಹತ್ತು ರವಿವಾರದಲ್ಲಿ ಗೆಲ್ಲಬೇಕು, ಇಲ್ಲವಾದರೆ ಅವ್ವನನ್ನು ಕರೆದುಕೊಂಡು ಊರು ಬಿಡಬೇಕು. ಅದರಲ್ಲಿ ಒಂದು ರವಿವಾರ ಹೂವಿನ ಹಾರದ ಪಾಲಾಗಿತ್ತು.

ಸೋಮವಾರ ಬೆಳಿಗ್ಗೆಯೇ ಪೇಟೆಗೆ ನಡೆದೆ. ಬೆಟಗೇರಿಯ ಹತ್ತಿ ದಲಾಲರೊಬ್ಬರು ಇದ್ದರು, ಅವರು ಬಂದರೆ ಹಿಂದೆ ಹತ್ತು ಜನ ಬರುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದರು. ಗುಂಡಗೆ, ಗಟ್ಟಿ ಗಂಟಲು, ಎಲೆ ಅಡಿಕೆಯ ಬಾಯಿ. ಗಾದಿಯ ಮೇಲೆ ಒರಗಿ ಕರಪತ್ರ ಓದಿದರು.

“ಇದೇನ್ರಿ, ಮಾನವಿಕ? ಮರಾಠ್ಯಾಗ ‘ವಿಕ’ ಅಂದ್ರ ಮಾರು ಅಂತ. ಮಾನ ಮಾರೂದು ಕಲಸ್ತೀರೇನ ಅಕ್ಕಾರ?”

ಸುತ್ತ ಕುಳಿತವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ತಲೆ ಕಾದುಹೋಯಿತು. “ಮಾರೂದು ನಿಮಗ ಬರ್ತೈತಲ್ರಿ ದಲಾಲ್ರ, ಅದನ್ನ ನಾ ಏನ ಕಲಸ್ಲಿ? ಮಾನ ಗಳಸೂದ ಹೆಂಗಂತ ತಿಳಕೊಳ್ಳೂದಿದ್ರ ರವಿವಾರ ಬರ್ರಿ,” ಎಂದವಳೇ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಹಿಂದಿನಿಂದ ಅವರ ನಗು ಇನ್ನೂ ದೊಡ್ಡದಾಯಿತು. “ಭಲೆ ಅಕ್ಕಾರ! ಬಂದ ಬರ್ತೀನ ತಡೀರಿ!”

ಬಂದರು. ಹಿಂದೆ ನಿಜವಾಗಿಯೂ ಹದಿನೇಳು ಜನರನ್ನು ಕರೆದುಕೊಂಡು ಬಂದರು. ಶಿರಹಟ್ಟಿಯ ಅರಳೆ ಗಿರಣಿಯ ಮ್ಯಾನೇಜರು, ಮುಂಡರಗಿಯ ಕಾಳಿನ ವ್ಯಾಪಾರಿಗಳು, ಗದಗಿನ ಬಟ್ಟೆ ಅಂಗಡಿಯವರು. ಚಾಚಾ ತಮ್ಮ ಮೂಲೆಯಲ್ಲಿ ಇದ್ದೇ ಇದ್ದರು. ಒಟ್ಟು ಹತ್ತೊಂಬತ್ತು.

ಅವರಿಗೆ ಹತ್ತಿರವಾದದ್ದೇ ಇರಲಿ ಎಂದು ನಮ್ಮ ಸೀಮೆಯ ಒಂದು ಹಳೆಯ ಶಾಸನ ಆರಿಸಿಕೊಂಡಿದ್ದೆ. ಅದನ್ನು ಈಗಿನ ಕನ್ನಡಕ್ಕೆ ತಿರುಗಿಸಿ, ಸೈಕ್ಲೋಸ್ಟೈಲ್ ಮಾಡಿಸಿ, ಒಬ್ಬೊಬ್ಬರಿಗೆ ಒಂದೊಂದು ಹಾಳೆ ಕೊಟ್ಟೆ. ವಿಷಯ ಸರಳ. ಒಂದಾನೊಂದು ಕಾಲದ ವ್ಯಾಪಾರಿಗಳೆಲ್ಲ ಕೂಡಿ ಒಂದು ಮಾತು ಕಟ್ಟಿಕೊಂಡಿದ್ದಾರೆ. ಊರೊಳಗೆ ಬರುವ ಒಂದೊಂದು ಎತ್ತಿನ ಹೇರಿಗೆ ಒಂದೊಂದು ಹಿಡಿ ಕಾಳು, ಮಕ್ಕಳಿಗೆ ಅಕ್ಷರ ಹೇಳುವ ಗುರುವಿಗೆ. ತಪ್ಪಿದವರಿಗೆ ಪಾಪ. ನಾನು ಕೇಳಿದ ಪ್ರಶ್ನೆಯೂ ಸರಳವೇ: ಇವರು ಕೊಟ್ಟದ್ದು ಪಾಪದ ಅಂಜಿಕೆಗೋ, ಹೆಸರಿನ ಆಸೆಗೋ, ಮನಸ್ಸಿನ ಖುಷಿಗೋ?

ಯಾರೂ ಮಾತಾಡಲಿಲ್ಲ. ಕೆಮ್ಮಿದರು, ಹಾಳೆ ತಿರುವಿದರು, ಕಿಟಕಿಯ ಹೊರಗೆ ನೋಡಿದರು. ಅದರ ಮುಂದಿನ ರವಿವಾರವೂ ಅದೇ. ಅಷ್ಟರಲ್ಲಿ ನನ್ನ ಗಂಟಲು ಬಿದ್ದುಹೋಗಿತ್ತು. ಪೇಟೆಯಲ್ಲಿ ಕಿವಿ ಕಿತ್ತುಹೋಗುವಂತೆ ಒದರುವ ಜನ ಇಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದಾರಲ್ಲ! ಕಡೆಗೆ ಸೀಮೆಸುಣ್ಣವನ್ನು ಮೇಜಿನ ಮೇಲೆ ಎಸೆದು ಕೇಳಿಯೇಬಿಟ್ಟೆ. “ನಿಮಗ ನಾಲಿಗಿ ಇಲ್ಲೇನ್ರಿ? ಇಲ್ಲಾ ನಂದ ಏನರ ತಪ್ಪಾಗೈತೇನು?”

ದಲಾಲರು ಎದ್ದು ನಿಂತರು. ಅವರ ದನಿಯಲ್ಲಿ ಆವತ್ತು ಕುಚೋದ್ಯ ಇರಲಿಲ್ಲ. “ಸಿಟ್ಟಾಗಬ್ಯಾಡ್ರಿ ಅಕ್ಕಾರ. ನಮ್ಮ ಪ್ಯಾಟ್ಯಾಗ ತನ್ನ ಮನಸ್ಸಿನ್ಯಾಗಿಂದು ಮೊದಲ ಹೇಳಿದಾಂವಗ ಲುಕ್ಸಾನ. ಇಲ್ಲಿ ಕುಂತಾವರೆಲ್ಲಾ ದಿನಾ ಒಬ್ಬರಿಗೊಬ್ಬರು ಎದುರು ವ್ಯಾಪಾರ ಮಾಡಾವ್ರು. ನನ್ನ ಮನಸು ಇವಗ ಯಾಕ ಗೊತ್ತಾಗಬೇಕು? ದರ ಸೈತ ನಾವು ಬಾಯಿಲೆ ಹೇಳೂದಿಲ್ಲ.”

ಅದು ಖರೆ. ಬೆಟಗೇರಿಯವಳಾಗಿ ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೇ. ಹತ್ತಿ ಪೇಟೆಯಲ್ಲಿ ಕೊಳ್ಳುವವರು, ಮಾರುವವರು ದಲಾಲನ ಕೈಗೆ ಕೈ ಕೊಡುತ್ತಾರೆ. ಮೇಲೆ ಒಂದು ವಲ್ಲಿ ಮುಚ್ಚುತ್ತಾರೆ. ಕೆಳಗೆ ಬೆರಳು ಹಿಡಿದು ದರ ಹೇಳುತ್ತಾರೆ. ಒಂದು ಬೆರಳಿಗೆ ಒಂದರ್ಥ, ಎರಡಕ್ಕೆ ಇನ್ನೊಂದು. ಬೆರಳೆಲ್ಲ ಮಡಚಿ ಮುಷ್ಟಿ ಮಾಡಿದರೆ ಸೌದಾ ಬೇಡ ಎಂದರ್ಥ. ಸುತ್ತ ನೂರು ಜನ ನಿಂತಿದ್ದರೂ ಯಾರಿಗೂ ತಿಳಿಯುವುದಿಲ್ಲ.

“ಹಂಗಾರ ವಲ್ಲಿ ಹಾಕ್ರಿ,” ಎಂದುಬಿಟ್ಟೆ. “ಪಾಪದ ಅಂಜಿಕಿಗೆ ಒಂದು ಬೆರಳು. ಹೆಸರಿನ ಆಸೆಗೆ ಎರಡು. ಮನಸ್ಸಿನ ಖುಷಿಗೆ ಮೂರು.”

ಎಲ್ಲರೂ ಒಮ್ಮೆಲೇ ನಕ್ಕರು, ಬೆಂಚುಗಳು ಕಿರುಗುಟ್ಟಿದವು. ಹೆಣ್ಣುಮಗಳಾದ ನಾನು ಅವರ ವಲ್ಲಿಯ ಕೆಳಗೆ ಕೈ ಹಾಕುವಂತಿರಲಿಲ್ಲ, ಹಾಗಾಗಿ ದಲಾಲರೇ ಒಬ್ಬೊಬ್ಬರ ಹತ್ತಿರ ಹೋಗಿ ಕೈ ಹಿಡಿದು ಬಂದರು. ಮುಖದಲ್ಲಿ ಏನೂ ತೋರಿಸದೆ, ಕಣ್ಣು ಅರ್ಧ ಮುಚ್ಚಿ, ಪೇಟೆಯಲ್ಲಿ ಹೇಗೋ ಹಾಗೆ. ಮುಗಿಸಿ ಬಂದು ಹೇಳಿದರು.

“ನನ್ನದೂ ಹಿಡದು ಹೇಳ್ತೀನ್ರಿ. ಒಂದ ಬೆರಳು ಎಂಟ ಮಂದಿ. ಎರಡು ಏಳು. ಮೂರು ಮೂರ ಮಂದಿ. ಒಬ್ಬರು ಮುಷ್ಟಿ ಕೊಟ್ಟಾರ.”

“ಮುಷ್ಟಿ? ಯಾರದು?”

“ಅದನ್ನ ಕೇಳಬಾರದ್ರಿ. ವಲ್ಲಿ ಒಳಗ ಯಾರು ಏನ ಕೊಟ್ರಂತ ಹೇಳಿದ ದಲಾಲ ನಾಳಿಂದ ದಲಾಲಕಿ ಮಾಡಾಂಗಿಲ್ಲ,” ಎಂದು ಕೈಮುಗಿದರು.

ಅಂದಿನಿಂದ ನಮ್ಮ ರವಿವಾರಗಳಿಗೆ ಜೀವ ಬಂತು. ಒಂದು ಚಿತ್ರ ತೋರಿಸುತ್ತಿದ್ದೆ, ಒಂದು ನ್ಯಾಯದ ಕತೆ ಹೇಳುತ್ತಿದ್ದೆ, ಪ್ರಶ್ನೆ ಇಡುತ್ತಿದ್ದೆ, ವಲ್ಲಿ ತಿರುಗುತ್ತಿತ್ತು. ಪ್ರತಿ ಸಲ ಎದ್ದು ಹೋಗುವ ಮೊದಲು ದಲಾಲರು ತಾವಾಗಿಯೇ, “ಆ ಹಳೇ ಸೌದಾ ಇನ್ನೂ ಮುಗದಿಲ್ರೆಪಾ, ಮತ್ತೊಮ್ಮಿ ಕೈ ಕೊಡ್ರಿ,” ಎನ್ನುತ್ತಿದ್ದರು. ಶಾಸನದ ಪ್ರಶ್ನೆಗೆ ಮತ್ತೆ ಬೆರಳು ಎಣಿಸುತ್ತಿದ್ದರು. ಒಂದು ಬೆರಳಿನವರು ಮೂರಕ್ಕೆ ಬಂದರು, ಮೂರಿನವರು ಎರಡಕ್ಕೆ ಹೋದರು. ಆ ಒಂದು ಮುಷ್ಟಿ ಮಾತ್ರ ಸಡಿಲಾಗಲಿಲ್ಲ. ಬೆರಳು ಎಣಿಕೆಗೆ ಸಿಗುತ್ತಿತ್ತೇ ಹೊರತು ಬಾಯಿ ಇನ್ನೂ ಬಿಚ್ಚಿರಲಿಲ್ಲ, ಪ್ರೊಫೆಸರರಿಗೆ ಬೇಕಾದದ್ದು ಬಾಯಿ. ಆದರೂ ನನ್ನ ನಿದ್ದೆ ಕೆಡಿಸಿದ್ದು ಆ ಮುಷ್ಟಿ. ಯಾರಪ್ಪಾ ಇವನು, ಪ್ರತಿ ವಾರ ಬಂದು ನನ್ನ ಪಾಠ ಬೇಡ ಎಂದು ಹೇಳಿ ಹೋಗುವವನು?

ಏಳನೆಯ ರವಿವಾರ ಎಲ್ಲರೂ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಹೋದೆವು. ಹಳೆಯ ಗುಡಿಯ ಕೆತ್ತನೆ, ಮಸೀದಿಯ ಕಮಾನು ಎಲ್ಲ ನೋಡಿ ಮಧ್ಯಾಹ್ನ ಚಾಚಾ ಅವರ ಮನೆಗೆ. ಗಂಡಸರು ಪಡಸಾಲೆಯಲ್ಲಿ ಗಿರಮಿಟ್ಟು, ಮಿರ್ಚಿ ತಿನ್ನುತ್ತಿದ್ದರೆ ನಾನು ಒಳಗೆ ಅಡಿಗೆಮನೆಯಲ್ಲಿ ಕೂತೆ. ಚಾಚಾ ಅವರ ಮುದಿ ತಾಯಿ ರೊಟ್ಟಿಗೆ ಹಿಟ್ಟು ಕಲಸುವ ಮೊದಲು ಒಂದು ಹಿಡಿ ಹಿಟ್ಟು ತೆಗೆದು ಮೂಲೆಯ ಗಡಿಗೆಗೆ ಹಾಕಿದರು. ಓದುವ ಹುಡುಗರ ಊಟಕ್ಕಂತೆ. ನಮ್ಮ ಅವ್ವನೂ ದಿನಾ ಹಾಗೇ ಮಾಡುತ್ತಾಳೆ, ಅವಳದು ಮಠದ ಗಡಿಗೆ. “ನಮ್ಮನಿಯೊಳಗೂ ಹಿಂಗ ಐತ್ರಿ,” ಎಂದೆ. ಮುದುಕಿ ನಕ್ಕು ಬಿಸಿ ರೊಟ್ಟಿ ಕೊಟ್ಟರು, ನಾನು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆ. ಕಣ್ಣೆದುರಿಗೆ ಇದ್ದದ್ದು ಕಾಣಲಿಲ್ಲ. ಎಂ.ಎ. ಪಾಸಾದವಳಲ್ಲವೇ!

ಕಾಣದ್ದಷ್ಟೇ ಅಲ್ಲ, ಒಂಬತ್ತನೆಯ ರವಿವಾರ ದೊಡ್ಡ ಅವಿವೇಕವನ್ನೂ ಮಾಡಿದೆ. ಶಿರಹಟ್ಟಿಯ ಗಿರಣಿ ಮ್ಯಾನೇಜರು ಯಾವಾಗಲೂ ಎದೆಯ ಮೇಲೆ ಕೈ ಕಟ್ಟಿಕೊಂಡು, ಹುಬ್ಬು ಗಂಟು ಹಾಕಿಕೊಂಡು ಕೂರುತ್ತಿದ್ದರು. ಮುಷ್ಟಿ ಇವರದೇ ಎಂದು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿಬಿಟ್ಟಿತ್ತು. ಮುಂದಿನ ವಾರ ಪ್ರೊಫೆಸರರು ಬರುತ್ತಾರೆ ಎಂಬ ದಿಗಿಲು ಬೇರೆ. ಎಲ್ಲರೆದುರಿಗೆ ಅವರ ಮೇಲೆ ಹರಿಹಾಯ್ದೆ.

“ನಿಮಗ ಬ್ಯಾಡಾಗಿದ್ರ ಬರಬ್ಯಾಡ್ರಿ! ಪ್ರತಿ ವಾರ ಬಂದು ಮುಷ್ಟಿ ತೋರಸೂದ್ಯಾಕ?”

ಅವರು ಬಿಳಿಚಿಕೊಂಡು ಎದ್ದರು. “ನಾ ಮೊದಲನೇ ದಿನದಿಂದ ಮೂರ ಬೆರಳ ಕೊಡಾಕತ್ತೀನ್ರಿ. ನಮ್ಮ ಗಿರಣ್ಯಾಗ ಹಮಾಲರ ಮಕ್ಕಳಿಗೆ ಸಾಲಿ ಹಾಕೂಣಂತ ಮಾಲಕರಿಗೆ ಹೇಳೀನಿ, ನಿಮ್ಮ ಪಾಠಾ ಕೇಳಿ. ನೀವು ಹಿಂಗಂದ್ರಲ್ಲ,” ಎಂದು ಕೂತುಬಿಟ್ಟರು. ದಲಾಲರು ನೆಲ ನೋಡಿದರು. ಕೊನೆಯ ಬೆಂಚಿನಲ್ಲಿ ಚಾಚಾ ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು. ನಾನು ತಪ್ಪಾಯಿತು ಎಂದೆ, ಎರಡು ಸಲ ಎಂದೆ. ಆದರೆ ಹೋಗುವಾಗ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಕೆಟ್ಟೆ ಎಂದುಕೊಂಡೆ. ಮನೆಗೆ ಹೋಗಿ ಅವ್ವನ ಮುಂದೆ ಅತ್ತೂ ಬಿಟ್ಟೆ.

ಹತ್ತನೆಯ ರವಿವಾರ ಹತ್ತೊಂಬತ್ತು ಜನರೂ ಬಂದರು, ಶಿರಹಟ್ಟಿಯವರೂ ಬಂದರು. ಪ್ರೊಫೆಸರರು ಮುಂದಿನ ಕುರ್ಚಿಯಲ್ಲಿ, ಅವರ ಪಕ್ಕ ಪ್ರಿನ್ಸಿಪಾಲರು. ನಾನು ಶಾಸನದ ಹಾಳೆ ಎತ್ತಿಕೊಂಡು ಅದೇ ಪ್ರಶ್ನೆ ಕೇಳಿದೆ. ರೂಢಿಯಂತೆ ದಲಾಲರು ವಲ್ಲಿ ಕೊಡವಿಕೊಂಡು ಎದ್ದರು. “ಅದೇನದು?” ಎಂದರು ಪ್ರೊಫೆಸರರು. ವಿವರಿಸಿದೆ. ಅವರು ತಲೆಯಾಡಿಸಿ, “ವಲ್ಲಿ ಬೇಡ. ಬಾಯಿಂದ ಹೇಳಲಿ,” ಎಂದರು.

ದಲಾಲರು ಕೂತರು. ಗಡಿಯಾರದ ಸದ್ದು ಕೇಳತೊಡಗಿತು. ಪ್ರಿನ್ಸಿಪಾಲರು ನನ್ನ ಕಡೆ ನೋಡಿ ಸಣ್ಣಗೆ ನಕ್ಕರು. ಆ ನಗು ಇವತ್ತಿಗೂ ನೆನಪಿದೆ, ನೆನಪಾದಾಗಲೆಲ್ಲ ಇವತ್ತಿಗೂ ಸಿಟ್ಟು ಬರುತ್ತದೆ. ಪ್ರೊಫೆಸರರು ಪೆನ್ನಿನ ಟೋಪಿ ಹಾಕಿ ಜೇಬಿಗೆ ಇಳಿಸಿದರು. ಮುಗಿಯಿತು ಎಂದುಕೊಂಡೆ.

ಆಗ ಕೊನೆಯ ಬೆಂಚು ಕಿರುಗುಟ್ಟಿತು. ಚಾಚಾ ಎದ್ದು ಮುಂದೆ ಬಂದರು. ಹೆಗಲ ಮೇಲಿನ ವಲ್ಲಿ ತೆಗೆದು, ಮಡಚಿ, ನನ್ನ ಮೇಜಿನ ಮೇಲೆ ಇಟ್ಟರು.

“ಮುಷ್ಟಿ ನಂದ್ರಿ ಅಕ್ಕಾರ. ನನ್ನ ಸಲವಾಗಿ ಇನ್ನೊಬ್ಬರು ಬೈಸಿಕೊಂಡ್ರು, ಅದಕ್ಕ ಹೇಳಾಕತ್ತೀನಿ.” ಆಮೇಲೆ ಪ್ರೊಫೆಸರರ ಕಡೆ ತಿರುಗಿದರು. “ನಾ ಓದಿದಾಂವಲ್ರಿ ಸರ. ಉರ್ದು ಸಾಲ್ಯಾಗ ನಾಕನೇ ಇಯತ್ತೆ, ಅಷ್ಟ. ಈ ಹಾಳಿ ನನ್ನ ಮಗಳು ಓದಿ ಹೇಳ್ಯಾಳ, ಹತ್ತು ಸಲ ಓದಸೀನಿ. ನಿಮ್ಮಂಥವರ ಮುಂದ ಶುದ್ಧ ಕನ್ನಡ ಬರೂದಿಲ್ಲಂತ ಸುಮ್ಮನಿದ್ದೆ.”

“ನಿಮ್ಮ ಕನ್ನಡದಲ್ಲೇ ಹೇಳಿ,” ಎಂದರು ಪ್ರೊಫೆಸರರು.

“ಅಂಜಿಕಿನೋ, ಹೆಸರೋ, ಖುಷಿನೋ ಅಂತ ಅಕ್ಕಾರು ಕೇಳ್ತಾರ. ನನ್ನ ಕೇಳಿಕಿ ಬ್ಯಾರೆ ಐತ್ರಿ. ಇವ್ರು ವ್ಯಾಪಾರದ ಮಂದಿ, ಹಗಲೆಲ್ಲಾ ಕೈಯಾಗ ತಕ್ಕಡಿ. ಹೇರಿಗೆ ಒಂದು ಪಾವು, ಒಂದು ಸೇರು ಅಂತ ಬರಸಬಹುದಿತ್ತು. ‘ಹಿಡಿ’ ಅಂತ ಯಾಕ ಬರಸಿದ್ರು?”

ನಾನು ಹಾಳೆ ನೋಡಿದೆ. ಒಂಬತ್ತು ವಾರ ಓದಿಸಿದ ಹಾಳೆ.

“ಎಲ್ಲಾರ ಕೈ ಒಂದ ನಮೂನಿ ಇರೂದಿಲ್ರಿ. ಹಮಾಲನ ಹಿಡಿ ದೊಡ್ಡದು, ನನ್ನ ಮಗಳ ಹಿಡಿ ಸಣ್ಣದು. ಹಿಡಿ ಅಂದ ಮ್ಯಾಲ ಯಾರು ಹೆಚ್ಚು ಯಾರು ಕಮ್ಮಿ ಹೇಳಾಕ ಬರೂದಿಲ್ಲ. ಹೇಳಾಕ ಬರಲಿಲ್ಲಂದ್ರ ಹೆಸರು ಎಲ್ಲಿಂದ ಬಂತು? ಕಮ್ಮಿ ಹಾಕೀಯಂತ ಹಿಡಿಯಾಕೂ ಬರೂದಿಲ್ಲ, ಅಂಜಿಕಿ ಎಲ್ಲಿಂದ ಬಂತು? ನಮ್ಮವ್ವ ಹಿಟ್ಟು ಕಲಸೂ ಮುಂದ ಒಂದು ಹಿಡಿ ತಗದ ಗಡಿಗ್ಯಾಗ ಹಾಕ್ತಾಳ, ಅಕ್ಕಾರೂ ನೋಡ್ಯಾರ. ಆಕಿ ಖುಷಿ ಇದ್ದಾಗೂ ಹಾಕ್ತಾಳ, ಜ್ವರ ಬಂದಾಗೂ ಹಾಕ್ತಾಳ. ಪ್ಯಾಟ್ಯಾಗ ಒಬ್ಬರ ತಕ್ಕಡಿ ಒಬ್ಬರು ನಂಬಲಾರದ ಮಂದಿ ನಾವು. ಅವ್ರೂ ನಮ್ಮಂಥವರ. ಇದೊಂದು ಕೆಲಸದಾಗರ ಒಬ್ಬರ ಕೈ ಒಬ್ಬರು ನಂಬೂಣು ಅಂತ ಕಲ್ಲಿನ್ಯಾಗ ಬರಸ್ಯಾರ. ಸಾಲಿಗೆ ಅಂತ ಕೊಡೂದನ್ನ ತೂಗಬಾರದು ಅಂತ ಬರಸ್ಯಾರ.” ಅವರು ತಮ್ಮ ಬಲಗೈ ಎತ್ತಿ, ಬೆರಳು ಮಡಚಿ ತೋರಿಸಿದರು. “ನಾ ಬ್ಯಾಡಂತ ಮುಷ್ಟಿ ಹಿಡಿದಿರಲಿಲ್ರಿ ಅಕ್ಕಾರ. ಒಂದು ಹಿಡಿ ಅಂತ ಹಿಡದಿದ್ದೆ.”

ನನ್ನ ಕಣ್ಣು ತುಂಬಿಬಂದವು. ನಾಚಿಕೆಗೂ ಬಂದವು, ಸಂತೋಷಕ್ಕೂ ಬಂದವು, ಮುಚ್ಚಿಡುವುದೇನಿದೆ? ಶಾಸನ ಓದುವುದೇ ನನ್ನ ಕೆಲಸ. ಆ ಕಲ್ಲನ್ನು ಓದಿದವರು ಚಾಚಾ.

“ಹಂಗಲ್ರಿ ಚಾಚಾ!” ಎಂದು ಶಿರಹಟ್ಟಿಯ ಮ್ಯಾನೇಜರು ಎದ್ದರು. “ಸಣ್ಣ ಹಿಡಿ ಹಾಕಿ ದೊಡ್ಡ ಹೇರು ಒಯ್ಯಾವ ಇದ್ದ ಇರ್ತಾನಲ್ಲ, ಅವಗೇನ ಮಾಡ್ತೀರಿ?” ಮುಂಡರಗಿಯವರೊಬ್ಬರು ಅವರ ಮೇಲೆ ಏರಿ ಹೋದರು. ದಲಾಲರು ಬೆಂಚಿನ ಮೇಲೆ ಕೈ ಬಡಿದು, ನಾನು ಎರಡು ಬೆರಳು ಕೊಟ್ಟವನು, ಈಗ ಹಿಂದಕ್ಕೆ ತಗೊಂಡೆ ಎಂದು ಎಲ್ಲರಿಗೂ ಕೇಳುವಂತೆ ಒದರಿದರು. ತಮ್ಮ ಮನಸ್ಸು ತಾವೇ ಪೇಟೆಯ ನಡುವೆ ಬಿಚ್ಚಿ ಇಟ್ಟರು! ಬಟ್ಟೆ ಅಂಗಡಿಯವರು ಗಜದ ಮಾತು ತಂದರು, ಕಾಳಿನವರು ಸೇರಿನ ಮಾತು ತಂದರು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು. ಒಂದು ತಾಸಿಗೂ ಮೇಲೆ ಹಾಗೇ ನಡೆಯಿತು. ಪ್ರೊಫೆಸರರು ಪೆನ್ನು ಮತ್ತೆ ಹೊರಗೆ ತೆಗೆದು ಬರೆದುಕೊಂಡೇ ಇದ್ದರು. ನಾನು ಒಂದು ಮಾತೂ ಆಡಲಿಲ್ಲ, ಆಡಲು ಯಾರೂ ಬಿಡಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಒಳ್ಳೆಯ ಪಾಠ ನಾನು ಮಾಡಿಲ್ಲ.

ಕಡೆಗೆ ಪ್ರೊಫೆಸರರು ಎದ್ದು, “ಬಹಳ ಸಂತೋಷ. ನಿರ್ಧಾರವನ್ನು ಪತ್ರದ ಮೂಲಕ ತಿಳಿಸಲಾಗುವುದು,” ಎಂದರು.

“ಪತ್ರ ಯಾಕ್ರಿ ಸರ, ಕೈ ಐತಲ್ಲ!” ದಲಾಲರು ಮೇಜಿನ ಮೇಲಿದ್ದ ಚಾಚಾ ಅವರ ವಲ್ಲಿ ಎತ್ತಿಕೊಂಡು ಅವರ ಮುಂದೆ ನಿಂತೇಬಿಟ್ಟರು. “ಒಂದ ಬೆರಳ ಅಂದ್ರ ಈ ಸಾಲಿ ಬಂದ್. ಎರಡ ಅಂದ್ರ ಮುಂದ ನೋಡೂಣು. ಹಿಡಿ ಅಂದ್ರ ನಡೀಲಿ, ಅಕ್ಕಾರೂ ಇಲ್ಲೇ ಖಾಯಂ ಇರ್ಲಿ.”

“ಏ, ಏನಿದು, ಕೂಡ್ರಿ,” ಎಂದು ಪ್ರಿನ್ಸಿಪಾಲರು ಎದ್ದರು. ಪ್ರೊಫೆಸರರು ಅವರಿಗೆ ಸುಮ್ಮನಿರಲು ಸನ್ನೆ ಮಾಡಿ, ಕೋಟಿನ ತೋಳು ಮೇಲಕ್ಕೆ ಎಳೆದುಕೊಂಡು ಬಲಗೈ ಚಾಚಿದರು. ವಲ್ಲಿ ಮುಚ್ಚಿತು. ದಲಾಲರ ಕಣ್ಣು ಅರ್ಧ ಮುಚ್ಚಿದವು, ಮುಖದಲ್ಲಿ ಏನೂ ಇಲ್ಲ.

“ಏನ ಕೊಟ್ಟಾರ್ರಿ?” ಎಂದೆ.

“ಹೇಳಾಂಗಿಲ್ರಿ ಅಕ್ಕಾರ. ನಿಮಗ ಗೊತ್ತೈತಲ್ಲ,” ಎಂದರು ಆ ಪುಣ್ಯಾತ್ಮರು.

ನಾಲ್ಕು ವರ್ಷ ಜೂನ್ ತಿಂಗಳ ದಾರಿ ಕಾಯ್ದವಳು ನಾನು, ಇನ್ನು ಒಂದು ನಿಮಿಷ ಕಾಯುವುದಾಗಲಿಲ್ಲ. ಹೆಣ್ಣುಮಗಳು ವಲ್ಲಿಗೆ ಕೈ ಹಾಕಬಾರದೆಂಬುದೂ ನೆನಪಾಗಲಿಲ್ಲ. ಎರಡು ಹೆಜ್ಜೆಯಲ್ಲಿ ಅವರ ಹತ್ತಿರ ಹೋಗಿ ಆ ವಲ್ಲಿಯನ್ನು ಕಿತ್ತು ತೆಗೆದೆ.

ದಲಾಲರ ಅಂಗೈ ಮೇಲೆ ಪ್ರೊಫೆಸರರ ಕೈ ಇತ್ತು. ಐದೂ ಬೆರಳು ಮಡಚಿ, ಬಿಗಿಯಾಗಿ, ಮುಷ್ಟಿ.

ಕೋಣೆಯಲ್ಲಿ ಎದ್ದ ಗದ್ದಲಕ್ಕೆ ಹೊರಗಿನ ಬೇವಿನ ಗಿಡದ ಕಾಗೆಗಳೆಲ್ಲ ಹಾರಿಹೋದವು. ಯಾರೋ ಶಾಭಾಸ್ ಎಂದರು, ಯಾರೋ ಬೆಂಚು ಬಡಿದರು. ನಾನು ವಲ್ಲಿಯನ್ನು ಎದೆಗೆ ಒತ್ತಿಕೊಂಡು ಅಳುತ್ತ ನಗುತ್ತ ನಿಂತಿದ್ದೆ. ಚಾಚಾ ಹತ್ತಿರ ಬಂದು ಪ್ರೊಫೆಸರರ ಮುಷ್ಟಿಯನ್ನು ಬಗ್ಗಿ ನೋಡಿ, ತಲೆದೂಗಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದರು.

“ಕೈ ದೊಡ್ಡದೈತ್ರಿ ಅಕ್ಕಾರ.”